ಸರ್ವರ್‌ನಿಂದ ಗೂಢಲಿಪಿ ಸಂದೇಶ: ಸಿಗ್ನಲ್-ಸಿಎಲ್‌ಐ ಬಳಸಿ ನೋಡಿದಾಗ

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ ಡಿಸ್ಕ್ ತುಂಬಿದರೆ ಅಥವಾ ರಾತ್ರಿಯ ಬ್ಯಾಕಪ್ ಅರ್ಧಕ್ಕೆ ನಿಂತರೆ, ಆ ಸುದ್ದಿ ಈಗ ಸಿಗ್ನಲ್-ಸಿಎಲ್‌ಐ ಎಂಬ ಕಮಾಂಡ್ ಲೈನ್ (ಆದೇಶಗಳನ್ನು ಟೈಪ್ ಮಾಡಿ ನಡೆಸುವ) ಸಾಧನದ ಮೂಲಕ ನಮ್ಮ ಮೊಬೈಲಿಗೆ ತಲುಪುತ್ತದೆ. ಇದು ಸಿಗ್ನಲ್ ಎಂಬ ಗೂಢಲಿಪಿ ಸಂದೇಶದ ಆ್ಯಪ್ ನಡೆಸುವ ಸಂಸ್ಥೆಯ ಅಧಿಕೃತ ತಂತ್ರಾಂಶವಲ್ಲ; ಜಾವಾದಲ್ಲಿ ಬರೆದಿರುವ, ಜಿಪಿಎಲ್ 3 ಪರವಾನಗಿಯಡಿ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ.

ಹೊಸ ಸಂಖ್ಯೆಯನ್ನು ನೋಂದಾಯಿಸಲು ಕ್ಯಾಪ್ಚಾ ಮತ್ತು ಎಸ್‌ಎಂಎಸ್ ಕೋಡ್ ಬೇಕಾಗುತ್ತದೆ. ಅದಕ್ಕಿಂತ, ‘ಲಿಂಕ್’ ಆದೇಶ ಕೊಡುವ ವಿಳಾಸವನ್ನು ಕ್ಯೂಆರ್ ಕೋಡ್ ಮಾಡಿ, ಫೋನಿನಿಂದ ಸ್ಕ್ಯಾನ್ ಮಾಡಿ ಸರ್ವರನ್ನು ಎರಡನೆಯ ಸಾಧನವಾಗಿ ಜೋಡಿಸುವುದು ಸುಲಭ. ಆದರೆ ಹಾಗೆ ಜೋಡಿಸಿದರೆ ನಿಮ್ಮ ಸ್ವಂತ ಸಂದೇಶಗಳೂ ಸರ್ವರಿಗೆ ಬರುತ್ತವೆ. ಆದ್ದರಿಂದ ಪ್ರತ್ಯೇಕ ಸಂಖ್ಯೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕನ್ನಡದ ಎಚ್ಚರಿಕೆಗಳು ಸ್ವಚ್ಛವಾಗಿ ಬರುತ್ತವೆ. ನಿಗದಿತ ಸಮಯಕ್ಕೆ ಆದೇಶಗಳನ್ನು ತಾನಾಗಿ ನಡೆಸುವ ಕ್ರಾನ್ ಮೂಲಕ ಓಡಿಸುವಾಗ ಮಾತ್ರ ಲೊಕೇಲ್ (ಭಾಷೆ ಮತ್ತು ಅಕ್ಷರಗಳ ಹೊಂದಿಕೆ) ಅನ್ನು ಯುಟಿಎಫ್-8 ಎಂದು ನಿಗದಿಪಡಿಸಬೇಕು, ಇಲ್ಲವಾದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣಿಸಬಹುದು. ಪ್ರತಿ ಸಲ ಜಾವಾ ಆರಂಭವಾಗುವ ವಿಳಂಬ ಬೇಡವೆನ್ನುವವರು ಡೀಮನ್ ವಿಧಾನದಲ್ಲಿ (ಹಿನ್ನೆಲೆಯಲ್ಲಿ ಸದಾ ಓಡುವಂತೆ) ನಡೆಸಿ, ಬೇರೆ ಪ್ರೋಗ್ರಾಂಗಳಿಂದ ಅದಕ್ಕೆ ಆದೇಶ ಕೊಡುವ ಜೇಸನ್-ಆರ್‌ಪಿಸಿ ಮೂಲಕ ಸಂದೇಶ ಕಳುಹಿಸಬಹುದು.

ಕಳುಹಿಸುವುದಷ್ಟೇ ಕೆಲಸವಾದರೂ ‘ರಿಸೀವ್’ ಆದೇಶವನ್ನು ಆಗಾಗ ಓಡಿಸುತ್ತಿರಬೇಕು, ಏಕೆಂದರೆ ಗೂಢಲಿಪಿಯ ಕೀಲಿಗಳು ಮತ್ತು ಗುಂಪಿನ ಬದಲಾವಣೆಗಳು ಅದರ ಮೂಲಕವೇ ನವೀಕರಣಗೊಳ್ಳುತ್ತವೆ. ಮೂರು ತಿಂಗಳಿಗಿಂತ ಹಳೆಯ ಆವೃತ್ತಿ ಕೈಕೊಡಬಹುದು. ಇನ್ನು, ಕೀಲಿಗಳು ಬಳಕೆದಾರನ ಹೋಮ್ ಡೈರೆಕ್ಟರಿಯಲ್ಲೇ ಉಳಿಯುವುದರಿಂದ, ಈ ಕೆಲಸಕ್ಕೆಂದೇ ಬೇರೆ ಬಳಕೆದಾರ ಖಾತೆ ತೆರೆದು, ಆ ಕಡತಗಳನ್ನು ಓದುವ ಅನುಮತಿಯನ್ನು ಅದೊಂದಕ್ಕೇ ಕೊಡಿ.