ಶಿರಾ ರಸ್ತೆಯ ಹಬ್ ಗ್ಯಾರೇಜು: ಮುರಿದ ವೀಲ್ ಬೋಲ್ಟ್ ಕೆಲಸ ಹೇಗಿದೆ?

ತುಮಕೂರು ದಾಟಿ ಶಿರಾ ಕಡೆ ಹೋಗುವಾಗ ಹೈವೇ ಪಕ್ಕದಲ್ಲಿರುವ ಈ ಗ್ಯಾರೇಜಿನಲ್ಲಿ ಬೋಲ್ಟನ್ನು ಒತ್ತಿ ಇಳಿಸುವ, ಕೂರಿಸುವ ಹೈಡ್ರಾಲಿಕ್ ಪ್ರೆಸ್ ಇದೆ, ನಟ್ಟಿನ ಬಿಗಿಯನ್ನು (ಟಾರ್ಕ್) ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್ ಇದೆ, ಎರಡನ್ನೂ ನಿಜವಾಗಿ ಬಳಸುತ್ತಾರೆ. ಲಾರಿಯ ಹಬ್, ಅಂದರೆ ಗಾಲಿಯನ್ನು ಬೋಲ್ಟ್ ಹಾಕಿ ಕೂರಿಸುವ ನಡುಭಾಗ, ಅದರ ಕೆಲಸಕ್ಕೆ ಇಲ್ಲಿಗೆ ಬರಲು ಇಷ್ಟೇ ಕಾರಣ ಸಾಕು.

ಹತ್ತು ಬೋಲ್ಟಿನ ಹಬ್‌ನಲ್ಲಿ ಒಂದು ಮುರಿದರೆ ಅದರ ಭಾರ ಅಕ್ಕಪಕ್ಕದ ಎರಡರ ಮೇಲೆ ಬೀಳುತ್ತದೆ. ನೋಡಲು ಚೆನ್ನಾಗಿದ್ದರೂ ಅವು ಬಳಲಿರುತ್ತವೆ. ಹಾಗಾಗಿ ಒಂದು ಮುರಿದಿದ್ದರೆ ಮೂರು, ಎರಡು ಅಥವಾ ಹೆಚ್ಚು ಮುರಿದಿದ್ದರೆ ಹತ್ತೂ ಬದಲಾಯಿಸಬೇಕು. ಇಲ್ಲಿನ ಮೇಸ್ತ್ರಿ ಕೇಳದಿದ್ದರೂ ಇದನ್ನೇ ಹೇಳುತ್ತಾರೆ.

ಹಿಂದಿನ ಗಾಲಿಯಾದರೆ ಆಕ್ಸಲ್ ಶಾಫ್ಟ್ ಎಳೆದು, ಲಾಕ್ ನಟ್ ಬಿಚ್ಚಿ, ಹಬ್ಬನ್ನು ಡ್ರಮ್ ಸಮೇತ ಹೊರತೆಗೆಯುತ್ತಾರೆ. ಫ್ಲ್ಯಾಂಜಿನ (ಬೋಲ್ಟ್ ತೂತುಗಳಿರುವ ಹಬ್ಬಿನ ಅಂಚು) ಕೆಳಗೆ ರಿಂಗ್ ಆಧಾರ ಕೊಟ್ಟು ಹಳೆ ಬೋಲ್ಟನ್ನು ಪ್ರೆಸ್ಸಿನಲ್ಲಿ ಇಳಿಸುತ್ತಾರೆ. ಹೊಸದರ ತಲೆಯ ಕೆಳಗಿನ ಹಲ್ಲುಗಳನ್ನು ತೂತಿನ ಹಳೆ ಗೆರೆಗಳಿಗೆ ಕೂಡಿಸಿ, ತಲೆ ಪೂರ್ತಿ ಕೂರುವವರೆಗೆ ಒತ್ತುತ್ತಾರೆ. ಸುತ್ತಿಗೆಯಲ್ಲಿ ಬಡಿದರೆ ತ್ರೆಡ್ ಹಾಳು. ನಟ್ ಹಾಕಿ ಗನ್ನಿನಿಂದ (ನಟ್ ತಿರುಗಿಸುವ ಯಂತ್ರ) ಎಳೆದು ಕೂರಿಸಿದರೆ ಹೊಸ ಬೋಲ್ಟು ಮೊದಲ ದಿನವೇ ಹಿಗ್ಗುತ್ತದೆ. ಹೆದ್ದಾರಿ ಬದಿಯ ಬೇರೆ ಕಡೆ ಈ ಎರಡೂ ನಡೆಯುತ್ತವೆ.

ತೂತು ಸವೆದು ಬೋಲ್ಟ್ ಸುತ್ತಿದರೆ ತಲೆಗೆ ವೆಲ್ಡಿಂಗ್ ಹಾಕಿ ಎನ್ನುವವರಿದ್ದಾರೆ. ಇಲ್ಲಿನ ಮೇಸ್ತ್ರಿ ಒಪ್ಪುವುದಿಲ್ಲ, ಹಬ್ಬೇ ಬದಲಿಸಿ ಎನ್ನುತ್ತಾರೆ. ಮೇಸ್ತ್ರಿ ಹೇಳುವುದೇ ಸರಿ: 10.9 ಗ್ರೇಡಿನ, ಅಂದರೆ ಹೆಚ್ಚು ಬಲದ ಬೋಲ್ಟು ಹದ ಕೊಟ್ಟ ಉಕ್ಕು, ವೆಲ್ಡಿಂಗ್ ಕಾವಿಗೆ ಆ ಹದ ಕೆಡುತ್ತದೆ, ಬಿರುಕು ಅಲ್ಲಿಂದಲೇ ಶುರು.

ಬಿಗಿಯುವಾಗ ಎದುರುಬದುರು ನಟ್‌ಗಳನ್ನು ಹಿಡಿದು, ಗನ್ನಿನಲ್ಲಿ ಹಗುರವಾಗಿ ತಂದು, ಕೊನೆಯ ಬಿಗಿ ಟಾರ್ಕ್ ವ್ರೆಂಚಿನಲ್ಲಿ. 22 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 600 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಗಾಡಿಯ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಅಂತಿಮ. ಒಂದು ಇಂಚಿನ ಗನ್ ಇದರ ದುಪ್ಪಟ್ಟನ್ನೂ ಮೀರಬಲ್ಲದು. ಬೋಲ್ಟ್ ಹಿಗ್ಗುವುದು ಹೆಚ್ಚಾಗಿ ಹೀಗೆಯೇ.

ಕೊರತೆ ಎರಡಿವೆ. ಗಾಲಿಯ ಡಿಸ್ಕ್ ಹಬ್ಬಿನ ಮೇಲೆ ಕೂರುವ ಮುಖದ ತುಕ್ಕು, ದಪ್ಪ ಪೇಂಟ್ ತೆಗೆಯುವುದರಲ್ಲಿ ಅವಸರ ಮಾಡುತ್ತಾರೆ. ಆ ಪದರ ಲೋಡಿಗೆ ನಲುಗಿದರೆ ಬಿಗಿ ಸಡಿಲವಾಗಿ, ಗಾಲಿ ಸುತ್ತಿದಷ್ಟೂ ಬೋಲ್ಟ್ ಬಾಗಿ ಬಾಗಿ ಮುರಿಯುತ್ತದೆ. ಎದುರೇ ನಿಂತು ವೈರ್ ಬ್ರಷ್ ಹೊಡೆಸಿ. ಇನ್ನೊಂದು, ಮರುಬಿಗಿಯ ಮಾತನ್ನೇ ಎತ್ತುವುದಿಲ್ಲ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಕ್ ನೋಡಲೇಬೇಕು. ಹುಬ್ಬಳ್ಳಿ ಕಡೆ ಹೋಗುವ ಗಾಡಿ ಇಷ್ಟು ಓಡಿದ ಮೇಲೆ ದಾರಿಯಲ್ಲೇ ನಿಲ್ಲಿಸಿ ನೋಡಿಸಿಕೊಳ್ಳಲಿ.

ಬಿಲ್ಲಿನಲ್ಲಿ ಬೋಲ್ಟ್, ನಟ್, ಆಯಿಲ್ ಸೀಲ್, ಕೂಲಿ ಬೇರೆ ಬೇರೆ ಬರೆಯುತ್ತಾರೆ. ನಟ್ ಕೂಡ ಹೊಸದೇ ಹಾಕಿಸಿ. ವಾಷರ್ ಸೇರಿದ ನಟ್ ಆದರೆ ಎರಡರ ನಡುವೆ ಒಂದು ಹನಿ ಎಣ್ಣೆ ಬೇಕು, ತುದಿ ಕೋನಾಕಾರದ ಕೋನ್ ನಟ್ ಆದರೆ ಕೂರುವ ಜಾಗಕ್ಕೆ ಎಣ್ಣೆ ಸೋಕಲೇಬಾರದು. ಶಾಫ್ಟ್ ಎಳೆದಾಗ ಗೇರ್ ಆಯಿಲ್ ಸೋರಿರುತ್ತದೆ, ಹೊರಡುವ ಮುಂಚೆ ಮಟ್ಟ ನೋಡಿಸಿ. ಮುರಿದ ತುಂಡು ಸಿಕ್ಕಿದ್ದರೆ ಎಸೆಯದೆ ತನ್ನಿ. ಉದ್ದ, ಹಲ್ಲಿನ ಅಳತೆ ಹೊಂದಿಸಲು ಅದೇ ಬೇಕು.