ಬೆಟ್ಟಕ್ಕೆ ಯಾವ ಶೂ: ನಾನು ಸವೆಸಿದ ಮೂರು ಜೊತೆಗಳ ಹೋಲಿಕೆ

ಮೈಸೂರಿನಲ್ಲಿ ನೆಲೆಸಿರುವ ನಾನು ಕಳೆದ ಆರು ವರ್ಷಗಳಲ್ಲಿ ಮೂರು ಜೊತೆ ಚಾರಣದ ಶೂಗಳನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು, ಪಾಂಡವಪುರದ ಕುಂತಿ ಬೆಟ್ಟದ ಬಂಡೆ ಮತ್ತು ಕೊಡಗಿನ ತಡಿಯಂಡಮೋಳ್‌ನ ಹುಲ್ಲುಹಾದಿಗಳಲ್ಲಿ ಬಳಸಿದ್ದೇನೆ. ಮೊದಲನೆಯದು ಪುರುಷರ ಚಿಕ್ಕ ಅಳತೆಯದು. ಎರಡನೆಯದು ಮಹಿಳೆಯರಿಗೆಂದೇ ತಯಾರಾದ, ಕಾಲಿನ ಗಿಣ್ಣು ಮುಚ್ಚುವ ವಾಟರ್‌ಪ್ರೂಫ್ ಶೂ. ಮೂರನೆಯದು ಮಹಿಳೆಯರದೇ, ಆದರೆ ಗಿಣ್ಣಿನ ಕೆಳಗೇ ನಿಲ್ಲುವ ಜಾಲರಿ ಬಟ್ಟೆಯ ಶೂ.

ಪುರುಷರ ಶೂ ಕೊಂಡದ್ದು ಅಂಗಡಿಯಲ್ಲಿ ಬೇರೆ ಅಳತೆ ಇರಲಿಲ್ಲವೆಂಬ ಕಾರಣಕ್ಕೆ. ನನ್ನ 24 ಸೆಂ.ಮೀ. ಪಾದಕ್ಕೆ ಅದರ ಉದ್ದ ಸರಿಯಾಗಿಯೇ ಇತ್ತು. ಹೆಂಗಸರ ಪಾದ ಸಾಮಾನ್ಯವಾಗಿ ಮುಂಭಾಗದ ಅಗಲಕ್ಕೆ ಹೋಲಿಸಿದರೆ ಹಿಮ್ಮಡಿಯಲ್ಲಿ ಕಿರಿದಾಗಿರುವುದರಿಂದ, ಪುರುಷರ ಅಚ್ಚಿನ ಶೂನಲ್ಲಿ ಹಿಮ್ಮಡಿ ಹೆಜ್ಜೆಹೆಜ್ಜೆಗೂ ಮೇಲೆದ್ದು ಉಜ್ಜುತ್ತಿತ್ತು. ಚಾಮುಂಡಿಯ ಮೆಟ್ಟಿಲುಗಳಲ್ಲಿ ನಂದಿಯನ್ನು ತಲಪುವಷ್ಟರಲ್ಲಿ ಎರಡೂ ಕಾಲಿಗೆ ಬೊಬ್ಬೆ ಎದ್ದಿತ್ತು. ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಬರಿಗಾಲಿನಲ್ಲಿ ಹತ್ತುತ್ತಿದ್ದ ಹೆಂಗಸರು ನನಗಿಂತ ಸುಖವಾಗಿದ್ದರು.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಅಕ್ಟೋಬರಿನಲ್ಲಿ 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತುವಾಗ ಇಬ್ಬನಿಯ ಹುಲ್ಲಿನಲ್ಲಿ ವಾಟರ್‌ಪ್ರೂಫ್ ಶೂ ಕಾಲನ್ನು ಒಣಗಿಸಿಯೇ ಇಟ್ಟಿತು, ಜಾಲರಿಯದು ಅರ್ಧ ಗಂಟೆಯಲ್ಲಿ ನೆನೆದುಹೋಗಿತ್ತು. ಆದರೆ ಜೋರು ಮಳೆ ಬಂದ ದಿನ ಲೆಕ್ಕ ತಿರುಗಿತು. ನೀರು ಕಾಲಿನ ಮೇಲಿಂದ ಕಾಲುಚೀಲದ ಮೂಲಕ ಇಳಿದರೆ, ಹೊರಗಿನ ನೀರನ್ನು ತಡೆಯುವ ಅದೇ ಪೊರೆ ಒಳಗಿನ ನೀರು ಹೊರಹೋಗದಂತೆಯೂ ತಡೆಯುತ್ತದೆ. ಆ ಶೂ ಒಣಗಲು ಎರಡು ದಿನ ಹಿಡಿಯಿತು, ಜಾಲರಿಯದು ಫ್ಯಾನಿನ ಕೆಳಗೆ ಒಂದೇ ರಾತ್ರಿಯಲ್ಲಿ ಒಣಗಿತು. ಮಂಡ್ಯದ ಕಡೆಯ ಮಾರ್ಚ್ ಬಿಸಿಲಿನಲ್ಲಿ ವಾಟರ್‌ಪ್ರೂಫ್ ಶೂ ಹಾಕಿದರಂತೂ ಕಾಲು ಬೆವರಿನಲ್ಲೇ ನೆನೆಯುತ್ತದೆ. ಕುಂತಿ ಬೆಟ್ಟದ ಕರಿಕಲ್ಲಿನ ಮೇಲೆ ಹಿಡಿತ ಕೊಡುವುದು ಗಿಣ್ಣಿನ ಎತ್ತರವಲ್ಲ, ತಳದ ರಬ್ಬರು; ಅಲ್ಲಿ ಮೆದು ರಬ್ಬರಿನ ಜಾಲರಿ ಶೂವೇ ಗೆದ್ದಿತು. ಆದ್ದರಿಂದ ನಮ್ಮ ಸುತ್ತಲಿನ ಬೆಟ್ಟಗಳಿಗೆ ಒಂದೇ ಜೊತೆ ಕೊಳ್ಳುವುದಾದರೆ ನಾನು ಜಾಲರಿಯದನ್ನೇ ಆರಿಸುತ್ತೇನೆ. ಇಬ್ಬನಿ, ಚಳಿಯ ದಾರಿಗಳಿಗೆ ಹೆಚ್ಚು ಹೋಗುವವರು ಇನ್ನೊಂದನ್ನು ಕೊಳ್ಳಬಹುದು.

ಯಾವುದನ್ನೇ ಕೊಂಡರೂ ಪಾದ ಸ್ವಲ್ಪ ಊದಿಕೊಂಡಿರುವ ಸಂಜೆಯ ಹೊತ್ತು ಹೋಗಿ, ಚಾರಣದ ಕಾಲುಚೀಲವನ್ನೇ ತೊಟ್ಟು ನೋಡಬೇಕು. ಇಳಿಜಾರಿನಲ್ಲಿ ನಿಂತಾಗ ಬೆರಳು ಮುಂದಕ್ಕೆ ತಾಗಬಾರದು. ತಾಗಿದರೆ ಇಳಿಯುವಾಗ ಉಗುರು ಕಪ್ಪಾಗುವುದು ಖಂಡಿತ. ಮೇಲಿನ ಕೊನೆಯ ಎರಡು ತೂತುಗಳಲ್ಲಿ ಲೇಸಿನಿಂದ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಬಿಗಿದರೆ ಹಿಮ್ಮಡಿ ಅಲುಗುವುದಿಲ್ಲ.

ಆರೈಕೆಯಲ್ಲಿ ಮೂರೂ ಒಂದೇ: ಒಳಗಿನ ಪಟ್ಟಿ ತೆಗೆದು, ಹಳೆಯ ಬ್ರಷ್ಷಿನಿಂದ ಮಣ್ಣು ಉಜ್ಜಿ, ಪತ್ರಿಕೆಯ ಕಾಗದ ತುರುಕಿ ನೆರಳಿನಲ್ಲಿ ಒಣಗಿಸಬೇಕು, ಕಾಗದ ಒದ್ದೆಯಾದಂತೆ ಬದಲಿಸಬೇಕು. ಬಿಸಿಲು ಅಥವಾ ಒಲೆಯ ಶಾಖ ಅಂಟನ್ನು ಸಡಿಲಿಸುತ್ತದೆ. ನಾನು ಮಾಡಿದ ದೊಡ್ಡ ತಪ್ಪು ಬೇರೆ. ಪುರುಷರ ಶೂವನ್ನು ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಹಾಕಿದ್ದೆ. ನಾಲ್ಕು ವರ್ಷಗಳ ಮೇಲೆ ಅಣ್ಣನ ಮಗ ತೊಟ್ಟು ಕುಂತಿ ಬೆಟ್ಟಕ್ಕೆ ಬಂದಾಗ ಅದರ ತಳ ಹಳೆಯ ರಸ್ಕಿನಂತೆ ಪುಡಿಯಾಯಿತು. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ನೊರೆಯಿಂದ ಮಾಡಿದ ನಡುತಳವನ್ನು, ಅಂದರೆ ಹೊರತಳದ ಮೇಲಿನ ಮೆತ್ತನೆಯ ಪದರವನ್ನು, ಗಾಳಿಯ ತೇವವೇ ಒಳಗಿನಿಂದ ಮುರಿಯುತ್ತದೆ, ಬಳಸದೆ ಇಟ್ಟರೂ ಉಳಿಯುವುದಿಲ್ಲ. ಉಳಿದೆರಡು ಜೊತೆಗಳು ಈಗ ಬಾಗಿಲ ಪಕ್ಕದ ತೆರೆದ ಗೂಡಿನಲ್ಲಿವೆ. ವಾಟರ್‌ಪ್ರೂಫ್ ಜೊತೆಯನ್ನು ಚಾರಣವಿಲ್ಲದ ತಿಂಗಳಿನಲ್ಲೂ ಒಮ್ಮೆ ತೊಟ್ಟು, ತಳ ಒತ್ತಿ ನೋಡಿ ಇಡುತ್ತೇನೆ.