ಘಾತಾಂಕ ರೂಪದ ಸಂಖ್ಯೆಗಳನ್ನು ಓದಲು ಪೈಥಾನ್‌ನ ಫ್ಲೋಟ್: ದೀರ್ಘಕಾಲದ ಬಳಕೆದಾರನ ವಿಮರ್ಶೆ

ವಿಜಯಪುರದಲ್ಲಿ ಕೊಳವೆಬಾವಿ ನೀರಿನ ಪರೀಕ್ಷೆ ನಡೆಸುವ ಪ್ರಯೋಗಾಲಯವೊಂದಕ್ಕೆ, ಉಪಕರಣಗಳು ಬರೆದಿಡುವ ಪಠ್ಯ ಕಡತಗಳಿಂದ ಫಲಿತಾಂಶಗಳನ್ನು ತೆಗೆದುಕೊಡುವುದು ನನ್ನ ಕೆಲಸ. ಅತ್ಯಲ್ಪ ಪ್ರಮಾಣದ ಲೋಹಗಳ ಅಳತೆ ಅಲ್ಲಿ 0.0235 ಎಂದಿರದೆ 2.35ಇ-02 ಎಂದಿರುತ್ತದೆ, ನಡುವಿನ ಇ ಇಂಗ್ಲಿಷ್ ಅಕ್ಷರ, ಅದರ ಮುಂದಿರುವುದು ಹತ್ತರ ಘಾತಾಂಕ. ಇದಕ್ಕಾಗಿ ಹಲವು ವರ್ಷಗಳಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಠ್ಯವನ್ನು ಸಂಖ್ಯೆಯಾಗಿಸುವ ಫ್ಲೋಟ್ ಫಂಕ್ಷನ್ನನ್ನೇ ನೆಚ್ಚಿಕೊಂಡಿದ್ದೇನೆ.

ನೆಚ್ಚಲು ಕಾರಣ, ತನಗೆ ತಿಳಿಯದ ಬರಹವನ್ನು ಅದು ಅರೆಬರೆ ಓದುವುದಿಲ್ಲ. ಫೋರ್ಟ್ರಾನ್ ಭಾಷೆಯ ಹಳೆಯ ಪ್ರೋಗ್ರಾಂಗಳು ಇ ಬದಲು ಡಿ ಅಕ್ಷರ ಹಾಕಿ 2.35ಡಿ-02 ಎಂದು ಬರೆಯುವುದುಂಟು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇದೇ ಕೆಲಸ ಮಾಡುವ ಪಾರ್ಸ್‌ಫ್ಲೋಟ್ ಅದರಲ್ಲಿ ತನಗೆ ತಿಳಿದಷ್ಟನ್ನು ಮಾತ್ರ ಓದಿ 2.35 ಎಂದು ಕೊಟ್ಟು ಸುಮ್ಮನಾಗುತ್ತದೆ, ಅಂದರೆ ಕುಡಿಯುವ ನೀರಿನಲ್ಲಿರುವ ಲೋಹದ ಪ್ರಮಾಣ ನೂರು ಪಟ್ಟು ಹೆಚ್ಚಾಗಿ ಕಾಣುತ್ತದೆ. ಪೈಥಾನ್ ಅದೇ ಜಾಗದಲ್ಲಿ ವ್ಯಾಲ್ಯೂ ಎರರ್ ಎಂಬ ದೋಷಸೂಚನೆ ಎತ್ತಿ ಕೆಲಸ ನಿಲ್ಲಿಸುತ್ತದೆ. ಅಲ್ಪವಿರಾಮವಿರುವ 1,25,000ಕ್ಕೂ, ಮುದ್ರಣದಲ್ಲಿ ಬಳಸುವ ಉದ್ದನೆಯ ಮೈನಸ್ ಚಿಹ್ನೆಗೂ ಇದೇ ಉತ್ತರ. ಜನರ ಆರೋಗ್ಯಕ್ಕೆ ಸಂಬಂಧಿಸಿದ ಅಂಕಿಗಳಲ್ಲಿ ಈ ಬಿಗಿಗಿಂತ ದೊಡ್ಡ ಗುಣವಿಲ್ಲವೆಂದು ನಾನು ನಂಬಿದ್ದೇನೆ. ಅಂದಹಾಗೆ, ಕನ್ನಡ ಅಂಕಿಗಳಲ್ಲಿ ೧.೫ ಎಂದು ಕೊಟ್ಟರೂ ಅದು ಸರಿಯಾಗಿ ಓದುತ್ತದೆ. ಇದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಆದರೂ ಅದು ಒಪ್ಪಿಕೊಳ್ಳುವ ಕೆಲವು ಬರಹಗಳ ಬಗ್ಗೆ ಎಚ್ಚರ ಬೇಕು. ಮಾದರಿಯ ಗುರುತು 12ಇ4 ಎಂದಿದ್ದರೆ ಅದು 1,20,000 ಆಗುತ್ತದೆ. 1ಇ400 ದೋಷವೆನಿಸದೆ ಅನಂತವಾಗುತ್ತದೆ, ಏಕೆಂದರೆ ಫ್ಲೋಟ್ ಬಳಸುವ 64 ಬಿಟ್‌ನ ಸಂಖ್ಯೆಗೆ ಸುಮಾರು 1.8ಇ308 ಮೇಲ್ಮಿತಿ. ‘ಸಂಖ್ಯೆಯಲ್ಲ’ ಎಂಬರ್ಥದ ನ್ಯಾನ್ ಪದವನ್ನೂ ಅದು ಸಂಖ್ಯೆಯಾಗಿ ಸ್ವೀಕರಿಸುವುದರಿಂದ ಇಡೀ ಕಾಲಂನ ಸರಾಸರಿಯೇ ನ್ಯಾನ್ ಆಗಿಬಿಡುತ್ತದೆ. ಹಾಗಾಗಿ ಗುರುತಿನ ಕಾಲಂ ಅನ್ನು ಫ್ಲೋಟ್‌ಗೆ ಒಪ್ಪಿಸಲೇಬಾರದು. ಉಳಿದವುಗಳಲ್ಲಿ ಬಂದ ಉತ್ತರ ಪರಿಮಿತವೇ ಎಂದು ಮ್ಯಾಥ್ ಮಾಡ್ಯೂಲ್‌ನ ಈಸ್‌ಫೈನೈಟ್‌ನಿಂದ ನೋಡಿಕೊಳ್ಳಬೇಕು.

ನನಗಿರುವ ನಿಜವಾದ ಕೊರತೆ ಇನ್ನೊಂದು. ಉಪಕರಣ 1.10ಇ-03 ಎಂದು ಬರೆದಾಗ ಕೊನೆಯ ಸೊನ್ನೆಯೂ ಅಳತೆಯ ಭಾಗ, ಅದು ನಿಖರತೆಯನ್ನು ಹೇಳುತ್ತದೆ. ಫ್ಲೋಟ್ ಆ ಸೊನ್ನೆಯನ್ನು ಉಳಿಸುವುದಿಲ್ಲ. ಪೈಥಾನ್ ಜೊತೆಯಲ್ಲೇ ಬರುವ ಡೆಸಿಮಲ್ ಎಂಬ ಇನ್ನೊಂದು ಸಂಖ್ಯಾ ಬಗೆ ಅದನ್ನು 0.00110 ಎಂದು ಕಾಪಾಡುತ್ತದೆ. ಆದ್ದರಿಂದ ವರದಿಯಲ್ಲಿ ಅಚ್ಚಾಗುವ ಅಂಕಿಗಳಿಗೆ ಡೆಸಿಮಲ್, ಸರಾಸರಿ ಮತ್ತು ನಕ್ಷೆಗಳಿಗೆ ಫ್ಲೋಟ್ ಎಂದು ಈಗ ಕೆಲಸವನ್ನು ಹಂಚಿದ್ದೇನೆ.